ಕೇಬಲ್ ಬಾಕ್ಸು ವಾಪಸು, ಕಂಬದ ಮೇಲೆ ಆಂಟೆನಾ: ಒಂದು ಕೆಲಸದ ಟಿಪ್ಪಣಿ

ಕೇಬಲ್ ಟಿವಿ ಬಿಡುವ ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆ ಕರಿ ಪೆಟ್ಟಿಗೆ ಮನೆಯಲ್ಲಿ ಏನೇನು ಮಾಡುತ್ತಿತ್ತು ಅಂತ ಕೂತು ಬರೆದಾಗಲೇ ಕೆಲಸ ಎಷ್ಟಿದೆ ಅಂತ ಗೊತ್ತಾಗುವುದು. ನೇರ ಪ್ರಸಾರ ತರುತ್ತಿತ್ತು. ಒಂದೇ ತಂತಿಯಿಂದ ಎಲ್ಲ ಕೋಣೆಗಳಿಗೂ ಹಂಚಿಕೆಯಾಗುತ್ತಿತ್ತು. ನಾವಿಲ್ಲದಾಗ ರೆಕಾರ್ಡ್ ಮಾಡಿಡುತ್ತಿತ್ತು. ಇಷ್ಟೆಲ್ಲ ಒಂದೇ ರಿಮೋಟಿನಲ್ಲಿ ಮುಗಿಯುತ್ತಿತ್ತು. "ಆಪ್ ಹಾಕ್ಕೊಂಡ್ರೆ ಸಾಕಲ್ವಾ" ಅನ್ನುವವರು ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ತಗೊಂಡಿರುತ್ತಾರೆ, ಅದನ್ನೂ ಅರ್ಧದಷ್ಟೇ.

ನನ್ನ ಯೋಜನೆ ಹೀಗಿತ್ತು. ಸುದ್ದಿ, ಆಟ, ಸ್ಥಳೀಯ ವಾಹಿನಿಗಳು ಗಾಳಿಯಲ್ಲಿ ಪುಕ್ಕಟೆ ಬರುತ್ತಿರುವುದರಿಂದ ಅವಕ್ಕೆ ಆಂಟೆನಾ. ಸಿನಿಮಾ, ಸರಣಿಗಳಿಗೆ ಸ್ಟ್ರೀಮಿಂಗ್. ರೆಕಾರ್ಡಿಂಗಿಗೆ, ಆಂಟೆನಾದ ಸಿಗ್ನಲನ್ನು ಡೇಟಾ ಮಾಡಿ ಮನೆಯ ಜಾಲಕ್ಕೆ ಕೊಡುವ ಒಂದು ನೆಟ್‌ವರ್ಕ್ ಟ್ಯೂನರ್ ಮತ್ತು ಒಂದು ಡಿಸ್ಕು. ಗೋಡೆಯೊಳಗಿನ ಹಳೆಯ ಕೇಬಲ್ ತಂತಿಯನ್ನು ಕಿತ್ತು ಬಿಸಾಡದೆ ಏನಾದರೊಂದು ಕೆಲಸಕ್ಕೆ ಹಚ್ಚುವುದು. ಉದ್ದಕ್ಕೂ ಹಿಡಿದುಕೊಂಡ ಸೂತ್ರ ಒಂದೇ: ಕಂಬದ ತುದಿಯಲ್ಲಿ ಸಿಕ್ಕಿದ ಸಿಗ್ನಲನ್ನು ಕೆಳಗಿಳಿಸುವ ದಾರಿಯಲ್ಲಿ ಕಳೆದುಕೊಂಡರೆ, ಆಮೇಲೆ ಮನೆಯೊಳಗೆ ಯಾವ ಪೆಟ್ಟಿಗೆ ತಂದಿಟ್ಟರೂ ಅದು ವಾಪಸು ಬರುವುದಿಲ್ಲ.

ನಕ್ಷೆ

ತಂತಿ ಮುಟ್ಟುವ ಮೊದಲು ಪ್ರಸಾರ ಗೋಪುರಗಳ ಮಾಹಿತಿ ತೆಗೆದೆ. ಅಮೆರಿಕದಲ್ಲಾದರೆ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಇಂಥ ನಕ್ಷೆಯನ್ನು ಜಾಲತಾಣದಲ್ಲೇ ಇಟ್ಟಿದೆ. ಬೇರೆ ಎಷ್ಟೋ ಕಡೆ ಪ್ರಸಾರಕರೇ ಒದಗಿಸುತ್ತಾರೆ. ಅದರಿಂದ ಬೇಕಾದದ್ದು ಗೋಪುರದ ದಿಕ್ಕು, ದೂರ, ಅಲೆ ಅಡ್ಡಡ್ಡ ಬರುತ್ತದೋ ನೆಟ್ಟಗೋ ಎಂಬುದು, ಮತ್ತು ನಿಜವಾದ ಕಂಪನಾಂಕ. ಈ ಕೊನೆಯದನ್ನು ಒತ್ತಿ ಹೇಳಬೇಕು. ಪರದೆಯ ಮೇಲೆ ಕಾಣುವ ಚಾನಲ್ ನಂಬರು ಬರೀ ನಾಮಫಲಕ. 5 ಅಂತ ತೋರಿಸುವ ವಾಹಿನಿ ನಿಜಕ್ಕೂ ಟಿವಿಯ ಮೇಲಿನ ಕಂಪನಾಂಕ ಪಟ್ಟಿಯಾದ ಯುಎಚ್‌ಎಫ್‌ನ 30ನೇ ಚಾನಲಿನಲ್ಲಿ ಪ್ರಸಾರವಾಗುತ್ತಿರಬಹುದು. ಆಂಟೆನಾಕ್ಕೆ ಗೊತ್ತಾಗುವುದು ಕಂಪನಾಂಕ ಮಾತ್ರ.

ಎತ್ತರದ ಲೆಕ್ಕವನ್ನೂ ಇಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ರೇಡಿಯೊ ದಿಗಂತದ ದೂರ (ಭೂಮಿಯ ಬಾಗಿನ ಮರೆಗೆ ಸಿಗದೆ ಅಲೆ ಹೋಗಬಲ್ಲ ದೂರ), ಕಿಲೋಮೀಟರಿನಲ್ಲಿ, ಸುಮಾರು 4.12ನ್ನು ಎತ್ತರದ ವರ್ಗಮೂಲದಿಂದ ಗುಣಿಸಿದಷ್ಟು; ಎತ್ತರ ಮೀಟರಿನಲ್ಲಿರಬೇಕು. 300 ಮೀಟರಿನ ಗೋಪುರಕ್ಕೆ 71 ಕಿ.ಮೀ., 9 ಮೀಟರ್ ಎತ್ತರದ ನಮ್ಮ ಆಂಟೆನಾಕ್ಕೆ 12 ಕಿ.ಮೀ., ಎರಡೂ ಸೇರಿ 83. ನಮ್ಮ ಕಂಬವನ್ನು 4 ಮೀಟರಿನಿಂದ 9ಕ್ಕೆ ಏರಿಸಿದರೆ ದಿಗಂತ ಹಿಗ್ಗುವುದು 4 ಕಿ.ಮೀ. ಮಾತ್ರ. ಹಾಗಾದರೆ ಎತ್ತರಕ್ಕೆ ಇಷ್ಟು ಪರದಾಟ ಯಾಕೆ? ಪಕ್ಕದ ಮನೆಯ ಗೋಡೆ, ಮರದ ಹಸಿ ಎಲೆ, ನೀರಿನ ಟ್ಯಾಂಕು ಇವುಗಳಿಂದ ತಪ್ಪಿಸಿಕೊಳ್ಳಲು. ಎತ್ತರದ ನಿಜವಾದ ಲಾಭ ಅದೇ. "ಇನ್ನೂರು ಕಿ.ಮೀ. ದೂರದಿಂದ ಹಿಡಿಯುತ್ತದೆ" ಅಂತ ಡಬ್ಬದ ಮೇಲೆ ಬರೆದಿರುವ ಚಪ್ಪಟೆ ಆಂಟೆನಾಗಳನ್ನು ಈ ಲೆಕ್ಕ ಮಾಡಿದ ಮೇಲೆ ಯಾರೂ ಕೊಳ್ಳುವುದಿಲ್ಲ.

ಆಂಟೆನಾ ಕಟ್ಟಿದ್ದು

ನನಗೆ ಬೇಕಾದ ವಾಹಿನಿಗಳೆಲ್ಲ ಯುಎಚ್‌ಎಫ್‌ನಲ್ಲಿ, ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿದ್ದವು. ಹಾಗಾಗಿ ಚಿಟ್ಟೆಯ ರೆಕ್ಕೆಯಂಥ ಕಡ್ಡಿಗಳ ನಾಲ್ಕು ಸಾಲಿರುವ ಬೋ-ಟೈ ಆಂಟೆನಾ ಆರಿಸಿದೆ. ಯಾಗಿ ಎಂಬ, ಉದ್ದ ಕೋಲಿನ ಮೇಲೆ ಕಡ್ಡಿಗಳ ಸಾಲಿರುವ ಆಂಟೆನಾ ಇನ್ನೂ ಚೂಪಾಗಿ ಒಂದು ದಿಕ್ಕು ಹಿಡಿಯುತ್ತದೆ ನಿಜ. ಆದರೆ ಅದರಲ್ಲಿ ಒಂದೊಂದು ಕಡ್ಡಿಯ ಅಳತೆಯೂ ನಿಖರವಾಗಿರಬೇಕು. ಬೋ-ಟೈ ಸ್ವಲ್ಪ ಆಚೀಚೆಯಾದರೂ ಸಹಿಸಿಕೊಳ್ಳುತ್ತದೆ, ಅಗಲವಾದ ಕಂಪನಾಂಕ ಪಟ್ಟಿಯನ್ನೂ ಹಿಡಿಯುತ್ತದೆ.

ಅಳತೆಗೆ ಮುಂಚೆ ಒಂದು ಮಾತು. ಒಂದು ಕಾಲದಲ್ಲಿ ಯುಎಚ್‌ಎಫ್ ಟಿವಿ ಪಟ್ಟಿ 800 ಮೆಗಾಹರ್ಟ್ಸ್ ದಾಟಿತ್ತು. ಮೇಲಿನ ತುಂಡನ್ನು ಮೊಬೈಲಿಗೆ ಕೊಟ್ಟ ಮೇಲೆ ಅಮೆರಿಕದಲ್ಲಿ ಉಳಿದದ್ದು 470ರಿಂದ 608, ಯುರೋಪಿನಲ್ಲಿ 470ರಿಂದ 694 ಮೆಗಾಹರ್ಟ್ಸ್. ಅಂದರೆ ಟಿವಿಯ ಸರಾಸರಿ ತರಂಗಾಂತರ ಉದ್ದವಾಗಿದೆ. ಅಂತರ್ಜಾಲದಲ್ಲಿ ಇನ್ನೂ ಓಡಾಡುತ್ತಿರುವ ಹಳೆಯ ವಿನ್ಯಾಸಗಳಲ್ಲಿ ಕಡ್ಡಿ 18 ಸೆಂ.ಮೀ. ಇರುತ್ತದೆ, ಇವತ್ತಿನ ಪಟ್ಟಿಗೆ ಅದು ಗಿಡ್ಡ. ನಾನು 24 ಸೆಂ.ಮೀ. ಇಟ್ಟುಕೊಂಡೆ.

48 ಸೆಂ.ಮೀ. ಉದ್ದದ ಗಟ್ಟಿ ತಾಮ್ರದ ತಂತಿಯ ಎಂಟು ತುಂಡು. ಪ್ರತಿಯೊಂದನ್ನೂ ನಡುವೆ ಬಗ್ಗಿಸಿ, ಎರಡು ತುದಿಗಳ ನಡುವೆ 7.5 ಸೆಂ.ಮೀ. ಬಿಟ್ಟು ಕವಣೆಕೋಲಿನ ಆಕಾರಕ್ಕೆ ತಂದೆ. ಒಣಗಿದ ಮರದ ಪಟ್ಟಿಯ ಮೇಲೆ ಎಡಕ್ಕೊಂದು ಬಲಕ್ಕೊಂದರಂತೆ ನಾಲ್ಕು ಸಾಲು, ಸಾಲಿಂದ ಸಾಲಿಗೆ 23 ಸೆಂ.ಮೀ. ಈಗ ಎಡಗಡೆಯವನ್ನೆಲ್ಲ, ಬಲಗಡೆಯವನ್ನೆಲ್ಲ ಮೇಲಿಂದ ಕೆಳಗೆ ಎರಡು ತಂತಿಗಳಿಂದ ಜೋಡಿಸಬೇಕು. ಅವು ಸುಮ್ಮನೆ ನೆಟ್ಟಗೆ ಹೋಗುವುದಿಲ್ಲ: ಮೊದಲ ಮತ್ತು ಎರಡನೆಯ ಸಾಲಿನ ನಡುವೆ, ಮೂರು ಮತ್ತು ನಾಲ್ಕರ ನಡುವೆ ಒಂದನ್ನೊಂದು ದಾಟುತ್ತವೆ. ಎರಡು ಮತ್ತು ಮೂರರ ನಡುವೆ ಮಾತ್ರ ನೇರ, ಅಲ್ಲೇ ಮಧ್ಯದಲ್ಲಿ ಸಿಗ್ನಲ್ ಹೊರಗೆ ಬರುತ್ತದೆ.

ದಾಟಿಸುವುದು ಯಾಕೆ ಅಂತ ತಿಳಿದುಕೊಳ್ಳದೆ ಕಟ್ಟಿದರೆ ಆಂಟೆನಾ ನೋಡಲು ಹಾಗೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. 23 ಸೆಂ.ಮೀ. ಅಂದರೆ ಪಟ್ಟಿಯ ನಡುಭಾಗದಲ್ಲಿ ಹೆಚ್ಚುಕಡಿಮೆ ಅರ್ಧ ತರಂಗಾಂತರ. ಒಂದು ಸಾಲಿನ ಸಿಗ್ನಲ್ ಮುಂದಿನ ಸಾಲಿಗೆ ತಲುಪುವಷ್ಟರಲ್ಲಿ ಅರ್ಧ ಸುತ್ತು ಹಿಂದೆ ಬಿದ್ದಿರುತ್ತದೆ. ನೇರವಾಗಿ ಸೇರಿಸಿದರೆ ಎರಡೂ ಒಂದನ್ನೊಂದು ಅಳಿಸುತ್ತವೆ. ತಂತಿಗಳನ್ನು ಅದಲುಬದಲು ಮಾಡಿದರೆ ಇನ್ನೊಂದು ಅರ್ಧ ಸುತ್ತು ಸೇರಿ, ಲಯ ಮತ್ತೆ ಕೂಡುತ್ತದೆ. ದಾಟುವಲ್ಲಿ ತಂತಿಗಳು ತಾಗಬಾರದು. ಒಂದನ್ನು ಸ್ವಲ್ಪ ಮೇಲಕ್ಕೆ ಬಾಗಿಸಿ, ಕೆಳಗೆ ಪ್ಲಾಸ್ಟಿಕ್ ಕೊಳವೆಯ ತುಂಡು ತೂರಿಸಿದೆ.

ಹಿಂದೆ, 10 ಸೆಂ.ಮೀ. ದೂರದಲ್ಲಿ, ಕಬ್ಬಿಣದ ಜಾಲರಿ. ಹಿಂದಿನಿಂದ ಬರುವ ಪ್ರತಿಫಲನಗಳನ್ನು ಅದು ತಡೆಯುತ್ತದೆ, ಮುಂದಿನಿಂದ ಬಂದದ್ದನ್ನು ವಾಪಸು ತಳ್ಳುತ್ತದೆ. ತಗಡು ಹೊಡೆದರೂ ನಡೆಯುತ್ತಿತ್ತು, ಆದರೆ ಗಾಳಿಗೆ ಅದು ಹಾಯಿಯಾಗುತ್ತದೆ. ಜಾಲರಿಯ ಕಣ್ಣು ತರಂಗಾಂತರದ ಹತ್ತನೇ ಒಂದಕ್ಕಿಂತ ಚಿಕ್ಕದಿದ್ದರೆ ಅಲೆಗೆ ಅದು ಗೋಡೆಯೇ. 600 ಮೆಗಾಹರ್ಟ್ಸಿಗೆ ತರಂಗಾಂತರ 50 ಸೆಂ.ಮೀ., ಹಾಗಾಗಿ 2.5 ಸೆಂ.ಮೀ. ಕಣ್ಣಿನ ಜಾಲರಿ ಧಾರಾಳ ಸಾಕು.

ಮಧ್ಯದಲ್ಲಿ 300 ಓಮ್‌ನಿಂದ 75 ಓಮ್‌ಗೆ ಇಳಿಸಿ ಆಂಟೆನಾವನ್ನು ತಂತಿಗೆ ಹೊಂದಿಸುವ, ಬ್ಯಾಲನ್ ಎಂಬ ಪುಟ್ಟ ಪರಿವರ್ತಕ. ಅದಕ್ಕೆ ನೀರು ಹೋಗದ ಪುಟ್ಟ ಡಬ್ಬಿ, ಡಬ್ಬಿಯ ತಳದಲ್ಲಿ ಒಂದು ತೂತು. ಪೂರ್ತಿ ಮುಚ್ಚಿದ ಡಬ್ಬಿಯೊಳಗೆ ತೇವ ಕಟ್ಟಿಕೊಂಡು ತಾಮ್ರ ಹಸಿರುಗಟ್ಟುತ್ತದೆ. ತಿರುಪು, ವಾಷರುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲ್.

ಜಾಗ ಹುಡುಕಿದ್ದು

ಈ ಭಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಹಿಡಿಯಲೂಬೇಕು. ಹಳೆಯ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕಮ್ಮಿಯಾದರೆ ಚಿತ್ರದಲ್ಲಿ ಚುಕ್ಕಿ ಬೀಳುತ್ತಿತ್ತು, ನೆರಳು ಕಾಣುತ್ತಿತ್ತು. ಆಂಟೆನಾ ತಿರುಗಿಸಿದಂತೆಲ್ಲ ಸುಧಾರಿಸುವುದು ಕಣ್ಣಿಗೇ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಲ್ಲ. ಅಮೆರಿಕದ ಡಿಜಿಟಲ್ ಟಿವಿ ಪ್ರಸಾರದ ಮೊದಲ ಪದ್ಧತಿಯಾದ ಎಟಿಎಸ್‌ಸಿಯಲ್ಲಿ ಸಿಗ್ನಲ್ ಮತ್ತು ಗದ್ದಲದ ಅನುಪಾತ ಸುಮಾರು 15 ಡೆಸಿಬಲ್ (ಅನುಪಾತ ಅಳೆಯುವ ಮಾನ) ಮೇಲಿದ್ದರೆ ಚಿತ್ರ ಸ್ಫಟಿಕದಂತೆ. ಒಂದು ಡೆಸಿಬಲ್ ಕೆಳಗಿಳಿದರೆ ಚಿತ್ರವೇ ಇಲ್ಲ. ಬರಿಗಣ್ಣಿನಿಂದ ನೋಡಿ ಆಂಟೆನಾ ಕೂರಿಸಿದರೆ, ಇವತ್ತು ಚೆನ್ನಾಗಿ ಬಂದದ್ದು ಮಳೆ ಬಂದ ದಿನ ಮಾಯವಾಗುತ್ತದೆ. ಮಿತಿಯ ಅಂಚಿನಲ್ಲೇ ಇದ್ದೆವು ಅಂತ ಯಾರೂ ಹೇಳಿರುವುದಿಲ್ಲ.

ಆದ್ದರಿಂದ ಮೀಟರ್ ಬೇಕೇ ಬೇಕು. ಬೇರೆ ಕೊಳ್ಳಬೇಕಿಲ್ಲ, ಎಚ್‌ಡಿಹೋಮ್‌ರನ್ ತರಹದ ನೆಟ್‌ವರ್ಕ್ ಟ್ಯೂನರ್ ಇದ್ದರೆ ಫೋನಿನಲ್ಲೇ ಮೂರು ಅಂಕಿ ಕಾಣುತ್ತವೆ: ಸಿಗ್ನಲ್ ಬಲ, ಸಿಗ್ನಲ್ ಗುಣಮಟ್ಟ, ಸಿಂಬಲ್ ಗುಣಮಟ್ಟ. ಎಲ್ಲರ ಕಣ್ಣೂ ಮೊದಲು ಬಲದ ಕಡೆ ಹೋಗುತ್ತದೆ. ನಂಬಬೇಕಾದ್ದು ಎರಡನೆಯದನ್ನು. ಬಲ ಜಾಸ್ತಿ ಇದ್ದೂ ಪ್ರತಿಫಲನದಿಂದ ಕೆಟ್ಟ ಸಿಗ್ನಲ್‌ಗಿಂತ, ಬಲ ಕಡಿಮೆ ಇದ್ದೂ ಸ್ವಚ್ಛವಾಗಿರುವುದು ವಾಸಿ. ಮೂರನೆಯದು ಸದಾ 100 ಇರಬೇಕು. 99 ಅಂದರೂ ಚಿತ್ರ ಆಗಾಗ ಒಡೆಯುತ್ತಿದೆ ಅಂತಲೇ ಅರ್ಥ.

ಒಬ್ಬರು ಮೇಲೆ ಕಂಬ ಹಿಡಿದು ಮೆಲ್ಲಗೆ ಸರಿಸುವುದು, ಒಬ್ಬರು ಕೆಳಗೆ ಅಂಕಿ ಓದುವುದು. ಪ್ರತಿಫಲಿತ ಅಲೆಗಳು ನೇರ ಅಲೆಯೊಂದಿಗೆ ಎಲ್ಲಿ ಕೂಡುತ್ತವೆ, ಎಲ್ಲಿ ಕಳೆಯುತ್ತವೆ ಅನ್ನುವುದು ಗೇಣುಗಳ ಅಂತರದಲ್ಲಿ ಬದಲಾಗುತ್ತದೆ. ಒಂದು ಮೊಳ ಎಡಕ್ಕೆ ಹೋದರೆ ಒಂದು ವಾಹಿನಿ ಏರಿ ಇನ್ನೊಂದು ಇಳಿಯುವುದು ಮಾಮೂಲು. ಅತಿ ಬಲದ ವಾಹಿನಿಯನ್ನು ಇನ್ನೂ ಮೇಲೇರಿಸುವ ಜಾಗ ಹುಡುಕಬಾರದು, ಅತಿ ದುರ್ಬಲವಾದದ್ದು ಎಲ್ಲಿ ನಿಲ್ಲುತ್ತದೋ ಅದೇ ಜಾಗ. ಆ ದುರ್ಬಲ ವಾಹಿನಿಗೂ ಮಿತಿಯ ಮೇಲೆ ಏಳೆಂಟು ಡೆಸಿಬಲ್ ಉಳಿದಿರಬೇಕು. ಮಳೆ, ಮರದ ಚಿಗುರು, ಕನೆಕ್ಟರಿನ ವಯಸ್ಸು ಎಲ್ಲಕ್ಕೂ ಅದೇ ಠೇವಣಿ.

ಕಿಟಕಿಯ ಹಿಂದೆ ಇಡಲು ಹೊರಟವರಿಗೆ: ಶಾಖ ತಡೆಯುವ ಹೊಸ ನಮೂನೆಯ ಗಾಜುಗಳ ಮೇಲೆ ಲೋಹದ ತೆಳು ಲೇಪವಿರುತ್ತದೆ. ಬೆಳಕು ಬರುತ್ತದೆ, ಟಿವಿ ಸಿಗ್ನಲ್ ಅಷ್ಟಾಗಿ ಬರುವುದಿಲ್ಲ.

ಕಂಬದ ವಿಷಯದಲ್ಲಿ ರಾಜಿ ಇಲ್ಲ. ವಿದ್ಯುತ್ ತಂತಿಯಿಂದ ಕಂಬದ ಎತ್ತರದ ಎರಡರಷ್ಟಾದರೂ ದೂರ ಇರಬೇಕು, ಬಿದ್ದರೂ ತಾಗಬಾರದು. ಕಂಬಕ್ಕೂ, ಆಂಟೆನಾದಿಂದ ಇಳಿಯುವ ಕೋಆಕ್ಸ್ ತಂತಿಯ ಹೊರಕವಚಕ್ಕೂ ಅರ್ತಿಂಗ್ ಕೊಡಬೇಕು, ಅದು ಮನೆಯ ವಿದ್ಯುತ್ ಅರ್ತಿಂಗಿನ ಜೊತೆ ಸೇರಿರಬೇಕು. ಬೇರೆ ಗೂಟ ಹೊಡೆದು ಬಿಟ್ಟುಬಿಟ್ಟರೆ ಸಿಡಿಲಿನ ಹೊತ್ತಿಗೆ ಎರಡು ಅರ್ತಿಂಗುಗಳ ನಡುವಿನ ವೋಲ್ಟೇಜು ನಮ್ಮ ಟಿವಿಯ ಮೂಲಕವೇ ದಾರಿ ಹುಡುಕುತ್ತದೆ. ಇದನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದೆ.

ಗೋಡೆಯೊಳಗಿನ ತಂತಿ

ಆಂಟೆನಾ ಜೋಡಿಸುವ ಮುಂಚೆ ಕೇಬಲ್ ಕಂಪನಿಯ ತಂತಿಯನ್ನು ಮನೆಯ ತಂತಿಯಿಂದ ಬಿಡಿಸಬೇಕು. ಎರಡೂ ಸೇರಿದ್ದರೆ ಅವರ ಸಿಗ್ನಲ್ ನಮ್ಮ ಆಂಟೆನಾದಿಂದ ಗಾಳಿಗೆ ಹೋಗುತ್ತದೆ, ಗಾಳಿಯದು ಅವರ ಜಾಲಕ್ಕೆ ನುಗ್ಗುತ್ತದೆ. ಇಂಟರ್‌ನೆಟ್ಟೂ ಅದೇ ಕೇಬಲಿನಲ್ಲಿ ಬರುತ್ತಿದ್ದರೆ ಮೋಡೆಮ್‌ಗೆ ಹೋಗುವ ಎಳೆಯನ್ನು ಬೇರೆಯಾಗಿಯೇ ಉಳಿಸಿಕೊಳ್ಳಬೇಕು.

ಬಿಡಿಸಿ ನೋಡಿದರೆ ಒಳಗೆ ಒಂದು ಸಿಗ್ನಲನ್ನು ಎಂಟು ದಾರಿಗೆ ಹಂಚುವ ಸ್ಪ್ಲಿಟರ್ ಕೂತಿತ್ತು, ಬಳಕೆಯಲ್ಲಿದ್ದದ್ದು ಎರಡೇ ದಾರಿ. ಕೇಬಲ್ ಸಿಗ್ನಲ್ ಬಲವಾಗಿರುವುದರಿಂದ ಅವರಿಗೆ ಅದು ನಡೆಯುತ್ತಿತ್ತು. ಆಂಟೆನಾಕ್ಕೆ ಅಷ್ಟು ದೌಲತ್ತಿಲ್ಲ. ಎರಡು ದಾರಿಯ ಸ್ಪ್ಲಿಟರ್ 3.5 ಡೆಸಿಬಲ್ ತಿನ್ನುತ್ತದೆ, ನಾಲ್ಕು ದಾರಿಯದು 7, ಎಂಟರದು 11ರ ಆಸುಪಾಸು. ಉಳಿದ ದಾರಿಗಳು ಖಾಲಿ ಇದ್ದರೂ ಅಷ್ಟೇ. ಆರ್‌ಜಿ-6 ತಂತಿ 600 ಮೆಗಾಹರ್ಟ್ಸಿನಲ್ಲಿ 30 ಮೀಟರಿಗೆ ಸುಮಾರು 5 ಡೆಸಿಬಲ್ ನುಂಗುತ್ತದೆ, ತೆಳ್ಳಗಿನ ಆರ್‌ಜಿ-59 ಇನ್ನೂ ಹೆಚ್ಚು. ಹಳೆಯ ದಾರಿಯಲ್ಲೇ ಹೋಗಿದ್ದರೆ 16 ಡೆಸಿಬಲ್ ನಷ್ಟ. ಅಂದರೆ ಕಂಬದ ಮೇಲೆ ಸಿಕ್ಕಿದ್ದರ ನಲವತ್ತನೇ ಒಂದು ಪಾಲು ಟಿವಿಗೆ ತಲುಪುತ್ತಿತ್ತು.

ಇಲ್ಲೇ ಯೋಜನೆಗೊಂದು ತಿರುವು ಬಂತು. ಕೋಣೆಕೋಣೆಗೂ ಆಂಟೆನಾ ಸಿಗ್ನಲನ್ನೇ ಯಾಕೆ ಹಂಚಬೇಕು? ಟ್ಯೂನರನ್ನು ತಂತಿ ಮನೆಯೊಳಗೆ ಬರುವ ಜಾಗದಲ್ಲೇ ಇಟ್ಟು, ಅಲ್ಲಿಂದ ಮುಂದೆ ಡೇಟಾ ಹಂಚಿದರಾಯಿತು. ಡೇಟಾಕ್ಕೆ ಡೆಸಿಬಲ್‌ನ ಹಂಗಿಲ್ಲ. ಕೋಆಕ್ಸ್ 15 ಮೀಟರಿಗೆ ಇಳಿಯಿತು, ನಷ್ಟ ಎರಡೂವರೆ ಡೆಸಿಬಲ್, ಸ್ಪ್ಲಿಟರ್ ಕಸದ ಬುಟ್ಟಿಗೆ. ಕೆಲಸವಿಲ್ಲದೆ ಉಳಿದ ಗೋಡೆಯೊಳಗಿನ ಕೋಆಕ್ಸಿಗೆ ಮೋಕಾ ಅಡಾಪ್ಟರ್ ಹಾಕಿದೆ: ಒಂದು ರೂಟರ್ ಬಳಿ, ಒಂದು ಟಿವಿ ಬಳಿ. ಅದು ಅದೇ ತಂತಿಯನ್ನು ಈಥರ್‌ನೆಟ್ ಮಾಡಿಬಿಡುತ್ತದೆ, 2.5 ಆವೃತ್ತಿಯಲ್ಲಿ 2.5 ಗಿಗಾಬಿಟ್‌ವರೆಗೆ ಹೋಗುತ್ತದೆ. ಬಳಸುವುದು 1125ರಿಂದ 1675 ಮೆಗಾಹರ್ಟ್ಸ್, ಹಾಗಾಗಿ ಆಂಟೆನಾ ಪಟ್ಟಿಗೆ ಅಡ್ಡ ಬರುವುದಿಲ್ಲ. ಗೋಡೆ ಕೊರೆಯದೆ ಇಷ್ಟು ಸಿಕ್ಕಿದ್ದೇ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಸಂಗತಿ.

ಆಂಪ್ಲಿಫೈಯರ್ ಬಗ್ಗೆ ಹೇಳದಿದ್ದರೆ ಈ ಲೆಕ್ಕ ಅಪೂರ್ಣ. ಚಿತ್ರ ಬಾರದಿದ್ದರೆ ಜನ ಮೊದಲು ಕೊಳ್ಳುವುದು ಅದನ್ನೇ, ತಂದು ಟಿವಿಯ ಹಿಂದೆ ಸಿಕ್ಕಿಸುವುದೂ ವಾಡಿಕೆ. ಅಲ್ಲಿ ಅದು ಬಳಲಿದ ಸಿಗ್ನಲನ್ನೂ ಅದಕ್ಕಂಟಿದ ಗದ್ದಲವನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ, ಜೊತೆಗೆ ತನ್ನದಷ್ಟು ಗದ್ದಲ ಸೇರಿಸುತ್ತದೆ. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಫ್ರಿಸ್ 1944ರಲ್ಲೇ ಇದರ ಗಣಿತ ಬರೆದಿಟ್ಟಿದ್ದಾರೆ: ಸರಪಳಿಯ ಮೊದಲ ಹಂತದ ಗದ್ದಲವೇ ಒಟ್ಟು ಫಲಿತಾಂಶವನ್ನು ನಿರ್ಧರಿಸುತ್ತದೆ. ಆದ್ದರಿಂದ ಆಂಪ್ಲಿಫೈಯರ್ ಹಾಕುವುದಾದರೆ ಕಂಬದ ಮೇಲೆ, ಬ್ಯಾಲನ್ ಪಕ್ಕದಲ್ಲೇ, ಮುಂದೆ ಬರುವ ತಂತಿಯ ನಷ್ಟವನ್ನು ಮೊದಲೇ ತುಂಬಿಕೊಡುವಂತೆ. ಹತ್ತಿರ ಮೊಬೈಲ್ ಗೋಪುರವಿದ್ದರೆ ಅದಕ್ಕೂ ಮುಂಚೆ ಮೊಬೈಲ್ ಅಲೆಗಳನ್ನು ತಡೆಯುವ ಎಲ್‌ಟಿಇ ಫಿಲ್ಟರ್; ಇಲ್ಲದಿದ್ದರೆ ಆಂಪ್ಲಿಫೈಯರ್ ಮೊಬೈಲ್ ಸಿಗ್ನಲಿನಿಂದಲೇ ಉಸಿರುಗಟ್ಟುತ್ತದೆ. ನನ್ನ ನಷ್ಟ ಎರಡೂವರೆ ಡೆಸಿಬಲಿಗೆ ಇಳಿದಿದ್ದರಿಂದ ಬೇಕಾಗಲಿಲ್ಲ.

ಇದನ್ನು ಬೇರೆಬೇರೆ ದೇಶಗಳಲ್ಲಿ ಕೂತು ಓದುವವರಿರುತ್ತೀರಿ. ಟ್ಯೂನರ್ ಕೊಳ್ಳುವಾಗ ಅಲ್ಲಿನ ಪದ್ಧತಿ ನೋಡಿ: ಅಮೆರಿಕ, ಕೆನಡಾಗಳಲ್ಲಿ ಎಟಿಎಸ್‌ಸಿ, ಜಪಾನ್ ಮತ್ತು ಬ್ರೆಜಿಲ್‌ನಲ್ಲಿ ಐಎಸ್‌ಡಿಬಿ-ಟಿ, ಯುರೋಪಿನಲ್ಲಿ ಡಿವಿಬಿ ಕುಟುಂಬದ ಡಿವಿಬಿ-ಟಿ ಅಥವಾ ಡಿವಿಬಿ-ಟಿ2. ಒಂದರ ಟ್ಯೂನರ್ ಇನ್ನೊಂದಕ್ಕೆ ಆಗುವುದಿಲ್ಲ. ಭಾರತದಲ್ಲಿ ಖಾಸಗಿ ವಾಹಿನಿಗಳಿಗೆ ಭೂಪ್ರಸಾರದ ಅನುಮತಿಯೇ ಇಲ್ಲದ್ದರಿಂದ ಇಂಥ ಆಂಟೆನಾ ಕಟ್ಟಿ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಇದರ ಜಾಗದಲ್ಲಿರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ ಬರುವ, ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್. ತಂತಿಯ ನಷ್ಟದ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ. ಆದರೆ ಡಿಶ್‌ನ ಮುಂದೆ ಕೂರುವ, ಎಲ್‌ಎನ್‌ಬಿ ಎಂಬ ಗ್ರಾಹಕ ಡಬ್ಬಿ ತಂತಿಯಲ್ಲಿ ಕಳಿಸುವುದು 950 ಮೆಗಾಹರ್ಟ್ಸಿನಿಂದ ಮೇಲೆ, ಹಾಗಾಗಿ ಅದೇ ತಂತಿಯಲ್ಲಿ ಮೋಕಾ ನಡೆಯುವುದಿಲ್ಲ.

ರೆಕಾರ್ಡಿಂಗ್

ಚಿಕ್ಕ ರಾಸ್ಪ್‌ಬೆರಿ ಪೈ 4 ಕಂಪ್ಯೂಟರ್, ಅದಕ್ಕೆ ಯುಎಸ್‌ಬಿ ಡಿಸ್ಕು, ಒಳಗೆ ಟಿವಿಹೆಡೆಂಡ್ ಎಂಬ ರೆಕಾರ್ಡಿಂಗ್ ತಂತ್ರಾಂಶ. ಬಂದ ಸ್ಟ್ರೀಮನ್ನು ಹಾಗೇ ಬರೆದಿಟ್ಟುಕೊಳ್ಳುವುದಕ್ಕೆ ಇಷ್ಟು ಸಾಕು. ಇನ್ನೊಂದು ರೂಪಕ್ಕೆ ಬದಲಾಯಿಸುವ ಕೆಲಸಕ್ಕೆ ಮಾತ್ರ ಇದನ್ನು ಹಚ್ಚಬಾರದು. ಎಸ್‌ಡಿ ಕಾರ್ಡಿನ ಮೇಲೆ ರೆಕಾರ್ಡ್ ಮಾಡಲೂಬಾರದು, ಬೇಗ ಸವೆಯುತ್ತದೆ. ಜಾಗದ ಅಂದಾಜಿಗೆ: ಎಟಿಎಸ್‌ಸಿಯಲ್ಲಿ ಒಂದು ಇಡೀ ಚಾನಲಿನ ಸಾಮರ್ಥ್ಯ ಸೆಕೆಂಡಿಗೆ 19.39 ಮೆಗಾಬಿಟ್, ಗಂಟೆಗೆ ಸುಮಾರು 8.7 ಗಿಗಾಬೈಟ್. ಒಂದು ಚಾನಲಿನಲ್ಲಿ ಹಲವು ವಾಹಿನಿ ತುರುಕಿರುವುದರಿಂದ ಒಂದು ಕಾರ್ಯಕ್ರಮಕ್ಕೆ ಅಷ್ಟು ಬೇಕಾಗುವುದಿಲ್ಲ. ಆಟಗಳಿಗೆ ಕೊನೆಯಲ್ಲಿ ಒಂದು ಗಂಟೆ ಹೆಚ್ಚಿಗೆ ರೆಕಾರ್ಡ್ ಮಾಡುವಂತೆ ಹೇಳಿಟ್ಟಿದ್ದೇನೆ. ನಿಗದಿತ ಹೊತ್ತಿಗೆ ಮುಗಿದ ಪಂದ್ಯ ಯಾವುದಿದೆ?

ಅಮೆರಿಕದಲ್ಲಿರುವವರು ಎಟಿಎಸ್‌ಸಿ 3.0 ಟ್ಯೂನರಿಗೆ ದುಡ್ಡು ಸುರಿಯುವ ಮುನ್ನ ಯೋಚಿಸಿ. ಹೊಸ ಪದ್ಧತಿಯಲ್ಲಿ ಎಷ್ಟೋ ನಿಲಯಗಳು ಬೀಗಮುದ್ರೆ (ಎನ್‌ಕ್ರಿಪ್ಶನ್) ಹಾಕಿಯೇ ಪ್ರಸಾರ ಮಾಡುತ್ತಿವೆ. ಗಾಳಿಯಲ್ಲಿ ಪುಕ್ಕಟೆ ಬರುವುದಕ್ಕೂ ಬೀಗ ಯಾಕೆ ಅನ್ನುವುದು ನನಗಂತೂ ಅರ್ಥವಾಗದ ವ್ಯಾಪಾರ.

ಸ್ಟ್ರೀಮಿಂಗ್

ಇದರಲ್ಲಿ ಕಟ್ಟುವುದು ಕಡಿಮೆ, ಆರಿಸುವುದು ಹೆಚ್ಚು. ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳ ಮೇಲೆ 4ಕೆ ಅಂತ ದೊಡ್ಡದಾಗಿ ಬರೆದಿರುತ್ತದೆ. ಒಳಗೆ ವೈಡ್‌ವೈನ್ ಎಂಬ ನಕಲು-ತಡೆ ವ್ಯವಸ್ಥೆಯ ಮೇಲ್ಮಟ್ಟದ ಎಲ್1 ಪ್ರಮಾಣಪತ್ರವಿಲ್ಲದೆ ಕೆಳಮಟ್ಟದ ಎಲ್3 ಮಾತ್ರ ಇದ್ದರೆ ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಕಳಿಸುವುದು ಮಸುಕಾದ ಎಸ್‌ಡಿ ಚಿತ್ರವನ್ನೇ. ವೇಗದ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವಷ್ಟು ಬೇಕಿಲ್ಲ: ನೆಟ್‌ಫ್ಲಿಕ್ಸ್ ಕೇಳುವುದು ಪೂರ್ಣ ಎಚ್‌ಡಿಗೆ 5, 4ಕೆಗೆ 15 ಮೆಗಾಬಿಟ್. ಕೊಂಡ ವೇಗ ಟಿವಿಯವರೆಗೆ ಒಂದೇ ಸಮನೆ ತಲುಪುತ್ತದೆಯೇ ಅನ್ನುವುದೇ ಪ್ರಶ್ನೆ. ವೈಫೈ ತೊದಲಿದರೆ ನೂರು ಮೆಗಾಬಿಟ್ ಇದ್ದೂ ಚಕ್ರ ತಿರುಗುತ್ತದೆ. ಮೋಕಾ ಮೂಲಕ ತಂತಿ ಬಂದ ಮೇಲೆ ನಮ್ಮಲ್ಲಿ ಆ ಚಕ್ರ ಕಂಡಿಲ್ಲ.

ನೇರ ಪ್ರಸಾರದ ಆಟಕ್ಕೆ ಆಂಟೆನಾವನ್ನೇ ನಂಬುತ್ತೇನೆ. ಸ್ಟ್ರೀಮಿಂಗಿನಲ್ಲಿ ಚಿತ್ರ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಡವಾಗಿ ಬರುವುದುಂಟು. ಪಕ್ಕದ ಮನೆಯ ಕೂಗು ಮೊದಲು ಕೇಳಿಸುತ್ತದೆ. ಇನ್ನು ನೂರಾರು ಲೈವ್ ಚಾನಲುಗಳ ಸ್ಟ್ರೀಮಿಂಗ್ ಪ್ಯಾಕು, ಅದರ ಮೇಲೆ ನಾಲ್ಕೈದು ಆಪ್‌ಗಳ ವಾರ್ಷಿಕ ಚಂದಾ ಸೇರಿಸಿಕೊಂಡರೆ ಬಿಲ್ಲು ಮೊದಲಿನಷ್ಟೇ ಆಗಿ, ಊರೆಲ್ಲ ಸುತ್ತಿ ಹಳೇ ಗಂಡನ ಪಾದವೇ ಗತಿ ಅನ್ನುವಂತಾಗುತ್ತದೆ. ತಿಂಗಳ ಚಂದಾ, ಒಮ್ಮೆಗೆ ಒಂದೇ ಸೇವೆ, ನೋಡಿ ಮುಗಿದ ಮೇಲೆ ರದ್ದು ಮಾಡಿ ಮುಂದಿನದು. ಆಪ್ ಸೇರಿದ ದಿನವೇ ರದ್ದು ಮಾಡಿಬಿಟ್ಟರೂ ಸಾಮಾನ್ಯವಾಗಿ ಅವಧಿ ಮುಗಿಯುವ ತನಕ ನಡೆಯುತ್ತದೆ.

ರಿಮೋಟು

ಎಚ್‌ಡಿಎಂಐ-ಸಿಇಸಿ ಚಾಲೂ ಮಾಡಿದ್ದರಿಂದ ಟಿವಿಯ ರಿಮೋಟೇ ಸ್ಟ್ರೀಮಿಂಗ್ ಪೆಟ್ಟಿಗೆಯನ್ನೂ ನಡೆಸುತ್ತದೆ. ಆದರೆ ಅಮ್ಮನ ಬೇಡಿಕೆ ಬೇರೆಯೇ ಇತ್ತು: "ನಂಬರ್ ಒತ್ತಿದ್ರೆ ಚಾನಲ್ ಬರ್ಬೇಕಪ್ಪ. ಈ ಚಿತ್ರಗಳ ಸಾಲಿನಲ್ಲಿ ಹುಡುಕೋದು ನನ್ ಕೈಲಾಗಲ್ಲ." ನ್ಯಾಯವಾದ ಮಾತು. ಅವರ ಕೋಣೆಯ ಟಿವಿಗೆ ಟ್ಯೂನರ್ ಬಳಿಯಿಂದ ಎರಡು ದಾರಿಯ ಸ್ಪ್ಲಿಟರ್ ಹಾಕಿ ಆಂಟೆನಾವನ್ನೇ ನೇರವಾಗಿ ಕೊಟ್ಟೆ. 3.5 ಡೆಸಿಬಲ್ ಹೋಯಿತು. ಕಂಬದ ಮೇಲೆ ಠೇವಣಿ ಇಟ್ಟದ್ದು ಇಂಥದ್ದಕ್ಕೇ. ಅತಿ ದುರ್ಬಲ ವಾಹಿನಿಯೂ ಮಿತಿಯ ಮೇಲೆಯೇ ನಿಂತಿತು. ಇಂಟರ್‌ನೆಟ್ ಕೈಕೊಟ್ಟ ಸಂಜೆ ಇಡೀ ಮನೆ ಆ ಕೋಣೆಯಲ್ಲೇ ಸೇರುತ್ತದೆ.

ಇಷ್ಟೂ ಒಂದು ಮಳೆ, ಒಂದು ಗಾಳಿ ಕಂಡ ಮೇಲೆಯೇ ಕೇಬಲ್ ಬಾಕ್ಸನ್ನು ವಾಪಸು ಕೊಡಲು ಹೋಗಿದ್ದು. ಕೊಡುವಾಗ ಬಾಕ್ಸಿನ ಸೀರಿಯಲ್ ನಂಬರು ಬರೆದ ರಸೀದಿ ಕೇಳಿ ತಗೊಳ್ಳಿ, ರಿಮೋಟು ಮತ್ತು ಅಡಾಪ್ಟರಿನ ಹೆಸರೂ ಅದರಲ್ಲಿರಲಿ. ಕೊನೆಯ ಬಿಲ್ಲಿನಲ್ಲಿ ಬಾಕ್ಸಿನ ಬೆಲೆ ಸೇರಿ ಬಂದರೆ ತೋರಿಸಲು ನಿಮ್ಮ ಬಳಿ ಇರುವುದು ಆ ಚೀಟಿಯೊಂದೇ.